ಅಂತರ್ಜಾಲ ಯಾರ ಸ್ವತ್ತು?

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಯೂರೋಪಿನ ಒಂದು ದೇಶದಿಂದ ಮತ್ತೊಂದು ದೇಶಕ್ಕೆ ತಂತಿ ಸಮಾಚಾರ ಕಳುಹಿಸುವುದು ಸುಲಭವಾದ ಕೆಲಸವಾಗಿರಲಿಲ್ಲ. ವಿದ್ಯುತ್ತಿನ ವೇಗದಲ್ಲಿ ಓಡಿಬಂದ ಸುದ್ದಿ ದೇಶದ ಗಡಿಯಲ್ಲಿ ಬಂದು ನಿಂತುಬಿಡುತ್ತಿತ್ತು. ಅಲ್ಲಿನ ನೌಕರನು ಅದನ್ನು ಕಾಗದದ ಮೇಲೆ ಬರೆದುಕೊಂಡು ನೆರೆದೇಶದ ತಂತಿ ಕಚೇರಿಗೆ ಒಪ್ಪಿಸಬೇಕು. ಆ ಕಚೇರಿಯವರು ಬೇಕಾದಲ್ಲಿ ಅದನ್ನು ಭಾಷಾಂತರಿಸಿ ತಮ್ಮ ತಂತಿಯ ಮೂಲಕ ಮತ್ತೆ ಮುಂದಕ್ಕೆ ಕಳುಹಿಸಬೇಕು. ಒಂದೊಂದು ದೇಶದ ಯಂತ್ರವೂ ಬೇರೆ, ಸಂಕೇತವೂ ಬೇರೆ, ದರವೂ ಬೇರೆ. ಈ ತೊಡಕನ್ನು ನಿವಾರಿಸುವುದಕ್ಕಾಗಿ ೧೮೬೫ರ ಮೇ ತಿಂಗಳಲ್ಲಿ ೨೦ ದೇಶಗಳು ಪ್ಯಾರಿಸ್ ನಗರದಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಅಂತರರಾಷ್ಟ್ರೀಯ ತಂತಿ ಒಕ್ಕೂಟವು ಹೀಗೆ ಹುಟ್ಟಿತು. ಒಂಬತ್ತು ವರ್ಷಗಳ ತರುವಾಯ, ೧೮೭೪ರಲ್ಲಿ, ಸ್ವಿಟ್ಸರ್ಲೆಂಡಿನ ಬರ್ನ್ ನಗರದಲ್ಲಿ ೨೨ ದೇಶಗಳು ಸೇರಿ ಅಂಚೆಗೂ ಅಂಥದೇ ಒಕ್ಕೂಟವನ್ನು ಕಟ್ಟಿದವು.

ಈ ಎರಡು ಒಪ್ಪಂದಗಳ ಹಿಂದೆ ಇದ್ದ ತತ್ತ್ವ ಸರಳವಾದುದು. ಅಂಚೆ ಕಚೇರಿ ಆಯಾ ದೇಶದ್ದು. ಆದರೆ ಕಾಗದ ಸಾಗುವ ದಾರಿಯ ನಿಯಮ ಎಲ್ಲರದು. ಮೈಸೂರಿನ ಅಂಚೆಪೆಟ್ಟಿಗೆಗೆ ಬಿದ್ದ ಕಾಗದವೊಂದು ಭಾರತದ ಅಂಚೆಚೀಟಿಯ ಬಲದಿಂದಲೇ ಟೋಕಿಯೋ ನಗರದ ಮನೆಯೊಂದರ ಬಾಗಿಲನ್ನು ಮುಟ್ಟುತ್ತದೆ. ಅದಕ್ಕಾಗಿ ಭಾರತ ಜಪಾನಿನ ಅಧೀನವಾಗಬೇಕಾಗಿಲ್ಲ. ಜಪಾನು ಭಾರತದ ಅಧೀನವಾಗಬೇಕಾಗಿಲ್ಲ. ರಾಷ್ಟ್ರದ ಸ್ವಾತಂತ್ರ್ಯಕ್ಕೂ ಲೋಕದ ಸಂಪರ್ಕಕ್ಕೂ ವಿರೋಧವಿಲ್ಲವೆಂಬುದನ್ನು ಅಂಚೆಯವನು ದಿನದಿನವೂ ತೋರಿಸಿಕೊಡುತ್ತ ಬಂದಿದ್ದಾನೆ.

ಅಂಚೆಗಿಂತಲೂ ತಂತಿಗಿಂತಲೂ ಬಹುಪಾಲು ಹಿರಿದಾದ ಸಂಪರ್ಕ ಸಾಧನವೊಂದು ಈಗ ಲೋಕವನ್ನೆಲ್ಲ ಆವರಿಸಿದೆ. ಅದೇ ಅಂತರ್ಜಾಲ. ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ದಾಖಲೆ, ರೈತನ ಪಹಣಿ, ವಿದ್ಯಾರ್ಥಿಯ ಪಾಠ, ಸರ್ಕಾರದ ಆಜ್ಞೆ, ಸಾಮಾನ್ಯ ಪ್ರಜೆಯ ಅಹವಾಲು ಎಲ್ಲವೂ ಅದರ ಮೂಲಕ ಸಾಗುತ್ತಿವೆ. ಇಷ್ಟು ದೊಡ್ಡ ಸಾಧನದ ಹಿಡಿತ ಯಾರ ಕೈಯಲ್ಲಿರಬೇಕು? ಆಯಾ ರಾಷ್ಟ್ರದ ಕೈಯಲ್ಲೋ, ಎಲ್ಲ ರಾಷ್ಟ್ರಗಳೂ ಸೇರಿದ ಸಂಸ್ಥೆಯ ಕೈಯಲ್ಲೋ, ಇಲ್ಲವೆ ಇವೆರಡಕ್ಕೂ ಹೊರತಾದ ಬೇರೆ ವ್ಯವಸ್ಥೆಯ ಕೈಯಲ್ಲೋ? ಕಳೆದ ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ನಡೆದುಬಂದಿರುವ ಈ ವಾದವು ತಜ್ಞರಿಗೆ ಮಾತ್ರ ಸಂಬಂಧಿಸಿದುದಲ್ಲ. ಪ್ರಜೆಯ ಮಾತು ಎಲ್ಲಿಯವರೆಗೆ ಕೇಳಿಸಬೇಕು, ಅದನ್ನು ನಿಲ್ಲಿಸುವ ಅಧಿಕಾರ ಯಾರಿಗಿರಬೇಕು ಎಂಬ ಪ್ರಶ್ನೆ ಇದರಲ್ಲಿ ಅಡಗಿದೆ.

ಅಂತರ್ಜಾಲವು ಅಂಚೆಯಂತೆ ರಾಷ್ಟ್ರಗಳ ಒಪ್ಪಂದದಿಂದ ಹುಟ್ಟಿದುದಲ್ಲ. ಅದರ ಹುಟ್ಟು ಅಮೆರಿಕದಲ್ಲಿ, ಅಲ್ಲಿನ ರಕ್ಷಣಾ ಇಲಾಖೆಯ ಹಣದಿಂದ, ವಿಶ್ವವಿದ್ಯಾಲಯಗಳ ಪ್ರಯೋಗಶಾಲೆಗಳಲ್ಲಿ ಆಯಿತು. ೧೯೬೯ರ ಅಕ್ಟೋಬರ್ ೨೯ರಂದು ಲಾಸ್ ಏಂಜಲೀಸ್ ನಗರದ ವಿಶ್ವವಿದ್ಯಾಲಯದ ಗಣಕಯಂತ್ರದಿಂದ ನೂರಾರು ಮೈಲಿ ದೂರದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಗಣಕಯಂತ್ರಕ್ಕೆ ‘ಲಾಗಿನ್’ ಎಂಬ ಪದವನ್ನು ಕಳುಹಿಸುವ ಪ್ರಯತ್ನ ನಡೆಯಿತು. ಆ ಪದದ ಮೊದಲ ಎರಡು ಇಂಗ್ಲಿಷ್ ಅಕ್ಷರಗಳು ತಲಪುವಷ್ಟರಲ್ಲಿಯೇ ಯಂತ್ರವು ಕೆಟ್ಟು ನಿಂತಿತು. ಅಷ್ಟು ಅಲ್ಪವಾದ ಆರಂಭ ಅದು. ೧೯೭೪ರಲ್ಲಿ ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ ಎಂಬ ಇಬ್ಬರು ವಿಜ್ಞಾನಿಗಳು, ಬೇರೆ ಬೇರೆ ಜಾಲಗಳು ಒಂದರೊಡನೊಂದು ಮಾತನಾಡಬಲ್ಲ ನಿಯಮಾವಳಿಯನ್ನು ಪ್ರಕಟಿಸಿದರು. ೧೯೮೩ರ ಜನವರಿ ೧ರಿಂದ ಆ ನಿಯಮಾವಳಿ ಜಾರಿಗೆ ಬಂದಿತು. ಯಾವ ದೇಶದ ಯಂತ್ರವೇ ಆಗಲಿ, ಯಾವ ಕಂಪನಿಯ ಯಂತ್ರವೇ ಆಗಲಿ, ಈ ನಿಯಮಗಳಂತೆ ನಡೆದುಕೊಂಡರೆ ಸಾಕು, ಜಾಲಕ್ಕೆ ಸೇರಬಹುದು. ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ.

ಈ ಔದಾರ್ಯವೇ ಅಂತರ್ಜಾಲದ ಬೆಳವಣಿಗೆಗೆ ಕಾರಣವಾಯಿತು. ಜಿನೀವಾ ಬಳಿಯ ಸರ್ನ್ ಎಂಬ ಭೌತವಿಜ್ಞಾನ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್ ಲೀ ೧೯೮೯ರಲ್ಲಿ ರೂಪಿಸಿದ ವಿಶ್ವವ್ಯಾಪಿ ಜಾಲದ ತಂತ್ರವನ್ನು, ಆ ಸಂಸ್ಥೆ ೧೯೯೩ರ ಏಪ್ರಿಲ್ ೩೦ರಂದು ಲೋಕಕ್ಕೆ ಬಿಟ್ಟುಕೊಟ್ಟಿತು. ಅದಕ್ಕೆ ಬೆಲೆಯನ್ನೂ ಕೇಳಲಿಲ್ಲ, ಹಕ್ಕನ್ನೂ ಇರಿಸಿಕೊಳ್ಳಲಿಲ್ಲ. ಭಾರತದಲ್ಲಿ ೧೯೮೬ರಲ್ಲಿ ಆರಂಭವಾದ ‘ಅರ್ನೆಟ್’ ಯೋಜನೆಯ ಮೂಲಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೇ ಮೊದಲಾದ ವಿದ್ಯಾಕೇಂದ್ರಗಳು ಈ ಜಾಲಕ್ಕೆ ಸೇರಿದವು. ೧೯೯೫ರ ಆಗಸ್ಟ್ ೧೫ರಂದು ಸಾರ್ವಜನಿಕರಿಗೂ ಅಂತರ್ಜಾಲ ದೊರೆಯಿತು.

ಹೀಗೆ ಬೆಳೆದುದನ್ನು ಕಂಡು, ಅಂತರ್ಜಾಲಕ್ಕೆ ಒಡೆಯರೇ ಇಲ್ಲವೆಂದು ಬಹುಮಂದಿ ಭಾವಿಸುವುದುಂಟು. ಅದು ಪೂರ್ತಿ ನಿಜವಲ್ಲ. ಅಂತರ್ಜಾಲಕ್ಕೆ ಸೇರಿದ ಪ್ರತಿಯೊಂದು ಯಂತ್ರಕ್ಕೂ ಮನೆಯ ಬಾಗಿಲ ಸಂಖ್ಯೆಯಂತೆ ಒಂದು ಸಂಖ್ಯೆ ಇರಬೇಕು. ಮನುಷ್ಯರು ಸಂಖ್ಯೆಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳಲಾರರು. ಆದುದರಿಂದ ಸಂಖ್ಯೆಗೆ ಒಂದು ಹೆಸರೂ ಬೇಕು. ಯಾವ ಹೆಸರಿಗೆ ಯಾವ ಸಂಖ್ಯೆ ಎಂಬುದನ್ನು ತಿಳಿಸುವ ಪಟ್ಟಿಗಳು ಲೋಕದ ತುಂಬ ಹರಡಿಕೊಂಡಿವೆ. ಆ ಪಟ್ಟಿಗಳೆಲ್ಲವೂ ಮರದ ಕೊಂಬೆಗಳಂತೆ ಕೊನೆಗೆ ಒಂದು ಬೇರಿಗೆ ಬಂದು ಕೂಡುತ್ತವೆ. ಭಾರತದ ಹೆಸರುಗಳು ಎಲ್ಲಿ ಸಿಗುತ್ತವೆ, ಬ್ರೆಜಿಲಿನ ಹೆಸರುಗಳು ಎಲ್ಲಿ ಸಿಗುತ್ತವೆ, ವ್ಯಾಪಾರ ಸಂಸ್ಥೆಗಳ ಹೆಸರುಗಳು ಎಲ್ಲಿ ಸಿಗುತ್ತವೆ ಎಂಬುದನ್ನು ಈ ಮೂಲಪಟ್ಟಿ ಹೇಳುತ್ತದೆ. ಗಾತ್ರದಲ್ಲಿ ಇದು ಸಣ್ಣದು. ಆದರೆ ಇದರಿಂದ ಒಂದು ದೇಶದ ಹೆಸರನ್ನು ಅಳಿಸಿದರೆ, ಆ ದೇಶದ ಹೆಸರಿನಲ್ಲಿರುವ ಎಲ್ಲ ತಾಣಗಳೂ ಕ್ರಮೇಣ ಲೋಕದ ಕಣ್ಣಿಗೆ ಕಾಣದಂತಾಗುತ್ತವೆ. ಊರು ಇದ್ದಲ್ಲಿಯೇ ಇರುತ್ತದೆ. ಊರಿಗೆ ಹೋಗುವ ದಾರಿ ಹೇಳುವವರು ಇಲ್ಲವಾಗುತ್ತಾರೆ.

ಈ ಪಟ್ಟಿಯನ್ನು ಬಹುಕಾಲ ನೋಡಿಕೊಂಡವರು ಕ್ಯಾಲಿಫೋರ್ನಿಯದ ಜಾನ್ ಪೋಸ್ಟೆಲ್ ಎಂಬ ವಿಜ್ಞಾನಿ. ಅವರ ಕೆಲಸದ ಸ್ವರೂಪವನ್ನು ತಿಳಿಯಲು ಬಯಲುಸೀಮೆಯ ಕೆರೆಗಳ ನೀರುಗಂಟಿಯನ್ನು ನೆನೆದರೆ ಸಾಕು. ಕೆರೆಯ ತೂಬನ್ನು ಯಾವಾಗ ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕು ಎಂಬುದನ್ನು ನೋಡಿಕೊಳ್ಳುವುದು ನೀರುಗಂಟಿಯ ಕೆಲಸ. ಕೆರೆ ಅವನದಲ್ಲ, ನೀರೂ ಅವನದಲ್ಲ. ಸುಗ್ಗಿಯಲ್ಲಿ ರೈತರು ಅಳೆದುಕೊಡುವ ಕಾಳು ಅವನ ಸಂಭಾವನೆ. ಒಬ್ಬನ ಗದ್ದೆಗೆ ಹೆಚ್ಚು ನೀರು ಬಿಟ್ಟು ಇನ್ನೊಬ್ಬನ ಪೈರನ್ನು ಒಣಗಿಸಿದರೆ ಅವನು ಊರಿಗೆಲ್ಲ ಉತ್ತರ ಹೇಳಬೇಕು. ಪೋಸ್ಟೆಲ್ ತಮ್ಮನ್ನು ಇಂಥ ಸೇವಕನೆಂದೇ ತಿಳಿದಿದ್ದರು. ಯಾವುದು ದೇಶ, ಯಾವುದು ದೇಶವಲ್ಲ ಎಂದು ತೀರ್ಮಾನಿಸುವುದು ತಮ್ಮ ಕೆಲಸವಲ್ಲವೆಂದು ಅವರು ೧೯೯೪ರಲ್ಲಿ ಬರೆದಿಟ್ಟರು. ಅದಕ್ಕಾಗಿ ಅದಾಗಲೇ ಸಿದ್ಧವಾಗಿದ್ದ ಅಂತರರಾಷ್ಟ್ರೀಯ ಮಾನಕ ಪಟ್ಟಿಯೊಂದನ್ನು ಬಳಸಿಕೊಂಡರು. ಹೆಸರುಗಳ ವಿಷಯದಲ್ಲಿ ಹಕ್ಕು, ಒಡೆತನ ಎಂಬ ಮಾತು ಸಲ್ಲದು, ಹೊಣೆ ಮತ್ತು ಸೇವೆ ಎಂಬ ಮಾತೇ ಸಲ್ಲುವುದು ಎಂಬುದು ಆ ಬರಹದ ಸಾರ. ಈ ವಾದದಲ್ಲಿ ಇಂದಿಗೂ ಅದಕ್ಕಿಂತ ಸರಿಯಾದ ಮಾತು ಬಂದಿಲ್ಲ.

ಆದರೆ ಸಜ್ಜನನಾದ ಒಬ್ಬ ವ್ಯಕ್ತಿಯ ಮೇಲೆ ಲೋಕದ ವ್ಯವಸ್ಥೆಯೆಲ್ಲ ನಿಲ್ಲಲಾರದು. ಮೂಲಪಟ್ಟಿಯ ಪ್ರತಿಗಳನ್ನು ಆಗ ೧೩ ಸರ್ವರ್ ಯಂತ್ರಗಳು ಲೋಕಕ್ಕೆ ಒದಗಿಸುತ್ತಿದ್ದವು. ಅವುಗಳಲ್ಲಿ ೧೦ ಅಮೆರಿಕದಲ್ಲಿಯೇ ಇದ್ದವು. ೧೯೯೮ರ ಜನವರಿ ೨೮ರಂದು ಪೋಸ್ಟೆಲ್, ಈ ಯಂತ್ರಗಳಲ್ಲಿ ಎಂಟನ್ನು ನೋಡಿಕೊಳ್ಳುತ್ತಿದ್ದವರಿಗೆ ಪತ್ರ ಬರೆದು, ಇನ್ನು ಮುಂದೆ ಪಟ್ಟಿಯನ್ನು ತಮ್ಮ ಯಂತ್ರದಿಂದ ಪಡೆಯುವಂತೆ ಕೇಳಿಕೊಂಡರು. ಅವರು ಹಾಗೆಯೇ ಮಾಡಿದರು. ಕೆಲವು ದಿನಗಳಲ್ಲಿಯೇ ಅಮೆರಿಕ ಸರ್ಕಾರದ ಒತ್ತಾಯದಿಂದ ಎಲ್ಲವೂ ಮೊದಲಿನ ಸ್ಥಿತಿಗೆ ಮರಳಿತು. ಒಂದು ಪತ್ರದಿಂದ ಅಂತರ್ಜಾಲದ ಬೇರನ್ನೇ ಸ್ಥಳಾಂತರಿಸಬಹುದೆಂಬುದೂ, ಒಂದು ಸರ್ಕಾರದ ಮಾತಿನಿಂದ ಅದನ್ನು ಹಿಂದಿರುಗಿಸಬಹುದೆಂಬುದೂ ಆಗ ಲೋಕಕ್ಕೆ ತಿಳಿಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೆಸರು ಮತ್ತು ಸಂಖ್ಯೆಗಳ ಮೇಲ್ವಿಚಾರಣೆಗಾಗಿ ‘ಐಕ್ಯಾನ್’ ಎಂಬ ಲಾಭರಹಿತ ಸಂಸ್ಥೆ ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿತವಾಯಿತು. ಅಕ್ಟೋಬರಿನಲ್ಲಿ ಪೋಸ್ಟೆಲ್ ತೀರಿಕೊಂಡರು. ಹೊಸ ಸಂಸ್ಥೆ ಕೆಲಸ ಮಾಡುತ್ತಿದ್ದುದು ಅಮೆರಿಕದ ವಾಣಿಜ್ಯ ಇಲಾಖೆಯೊಡನೆ ಮಾಡಿಕೊಂಡ ಕರಾರಿನ ಮೇಲೆ. ಮೂಲಪಟ್ಟಿಯಲ್ಲಿ ಒಂದು ಅಕ್ಷರ ಬದಲಾಗಬೇಕಾದರೂ ಆ ಇಲಾಖೆಯ ಒಪ್ಪಿಗೆ ಬೇಕಾಗಿತ್ತು.

ಇತರ ರಾಷ್ಟ್ರಗಳು ಇದನ್ನು ಪ್ರಶ್ನಿಸಿದುದು ಸಹಜವೇ. ಲೋಕಕ್ಕೆಲ್ಲ ಬೇಕಾದ ವಸ್ತುವಿನ ಮೇಲೆ ಒಂದೇ ಸರ್ಕಾರದ ಮುದ್ರೆ ಏಕೆ ಇರಬೇಕು? ವಿಶ್ವಸಂಸ್ಥೆಯ ಆಶ್ರಯದಲ್ಲಿ ೨೦೦೩ರಲ್ಲಿ ಜಿನೀವಾದಲ್ಲಿಯೂ ೨೦೦೫ರಲ್ಲಿ ಟ್ಯೂನಿಸ್ ನಗರದಲ್ಲಿಯೂ ನಡೆದ ಶೃಂಗಸಭೆಗಳಲ್ಲಿ ಈ ಪ್ರಶ್ನೆ ಮುಂದೆ ಬಂದಿತು. ಇದನ್ನು ಪರಿಶೀಲಿಸಲು ನೇಮಕವಾದ ೪೦ ಮಂದಿಯ ಸಮಿತಿಗೆ ಭಾರತದ ನಿತಿನ್ ದೇಸಾಯಿ ಅಧ್ಯಕ್ಷರಾಗಿದ್ದರು. ಯಾವ ಒಂದು ಸರ್ಕಾರಕ್ಕೂ ಅಂತರ್ಜಾಲದ ಆಡಳಿತದಲ್ಲಿ ಪ್ರಧಾನ ಪಾತ್ರ ಇರಬಾರದೆಂಬುದು ಆ ಸಮಿತಿಯ ಅಭಿಪ್ರಾಯವಾಗಿತ್ತು. ಟ್ಯೂನಿಸ್ ಸಭೆಯಲ್ಲಿ ಅಧಿಕಾರ ಕೈ ಬದಲಾಗಲಿಲ್ಲ. ಸರ್ಕಾರಗಳೂ ತಜ್ಞರೂ ನಾಗರಿಕರೂ ಸೇರಿ ವರ್ಷಕ್ಕೊಮ್ಮೆ ಚರ್ಚಿಸುವ ವೇದಿಕೆಯೊಂದು ಮಾತ್ರ ಸಿದ್ಧವಾಯಿತು. ೨೦೦೬ರಲ್ಲಿ ಅಥೆನ್ಸ್ ನಗರದಲ್ಲಿ ಮೊದಲು ಸೇರಿದ ಆ ವೇದಿಕೆ ೨೦೦೮ರ ಡಿಸೆಂಬರಿನಲ್ಲಿ ಹೈದರಾಬಾದಿನಲ್ಲಿ ಸೇರಿತು. ೨೦೧೩ರಲ್ಲಿ ಅಮೆರಿಕದ ಬೇಹುಗಾರಿಕೆ ಸಂಸ್ಥೆಯೊಂದು ಲೋಕದ ಜನರ ಸಂಭಾಷಣೆಗಳನ್ನು ವ್ಯಾಪಕವಾಗಿ ಸಂಗ್ರಹಿಸುತ್ತಿದ್ದ ಸಂಗತಿ ಬಯಲಾದಾಗ ಅಸಮಾಧಾನ ಇನ್ನೂ ಬೆಳೆಯಿತು. ಬ್ರೆಜಿಲಿನ ಅಧ್ಯಕ್ಷೆ ದಿಲ್ಮಾ ರೂಸೆಫ್ ಅದೇ ವರ್ಷ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಇದನ್ನು ಖಂಡಿಸಿ ಮಾತನಾಡಿದರು.

ಈ ಅಸಮಾಧಾನಕ್ಕೆ ಪರಿಹಾರವಾಗಿ ಎರಡು ಮಾರ್ಗಗಳು ಸೂಚಿತವಾಗಿವೆ. ಮೊದಲನೆಯದು, ಪ್ರತಿಯೊಂದು ರಾಷ್ಟ್ರವೂ ತನ್ನ ನೆಲದ ಮೇಲಿನ ಅಂತರ್ಜಾಲವನ್ನು ತಾನೇ ಆಳಬೇಕೆಂಬುದು. ಚೀನಾ ದೇಶ ಈ ವಾದದ ಮುಖ್ಯ ಪ್ರತಿಪಾದಕ. ರಷ್ಯಾ ೨೦೧೯ರಲ್ಲಿ ಜಾರಿಗೆ ತಂದ ಕಾನೂನಿನಂತೆ, ಅಗತ್ಯ ಬಿದ್ದಾಗ ದೇಶದ ಜಾಲವನ್ನು ಹೊರಗಿನ ಜಾಲದಿಂದ ಬೇರ್ಪಡಿಸಿ ನಡೆಸುವ ವ್ಯವಸ್ಥೆಯನ್ನು ಸಿದ್ಧಪಡಿಸಿಕೊಳ್ಳತೊಡಗಿತು. ಈ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಪ್ರಜೆಯೊಬ್ಬನ ಉಳಿತಾಯವನ್ನು ಅಂತರ್ಜಾಲದ ಮೂಲಕ ಅಪಹರಿಸಿದವನು ಸಾಗರದಾಚೆಯ ದೇಶದಲ್ಲಿ ಕುಳಿತಿರಬಹುದು. ಆ ಪ್ರಜೆ ದೂರು ಕೊಡುವುದು ತನ್ನ ಊರಿನ ಪೊಲೀಸ್ ಠಾಣೆಗೇ ಹೊರತು ಯಾವುದೋ ಅಂತರರಾಷ್ಟ್ರೀಯ ಸಂಸ್ಥೆಗಲ್ಲ. ಹತ್ತಾರು ಕೋಟಿ ಜನರ ಮಾಹಿತಿಯನ್ನು ಕೂಡಿಟ್ಟುಕೊಂಡ ಕಂಪನಿಗಳು ಆ ಜನರ ದೇಶದ ಕಾನೂನಿಗೆ ತಲೆಬಾಗದಿದ್ದರೆ, ಸ್ವಾತಂತ್ರ್ಯವೆಂಬ ಮಾತಿಗೆ ಅರ್ಥವೇನು? ಯೂರೋಪಿನ ಒಕ್ಕೂಟವು ೨೦೧೮ರಲ್ಲಿ ಜಾರಿಗೆ ತಂದ ಮಾಹಿತಿ ರಕ್ಷಣೆಯ ನಿಯಮಾವಳಿಯೂ ಭಾರತದ ಸಂಸತ್ತು ೨೦೨೩ರಲ್ಲಿ ಅಂಗೀಕರಿಸಿದ ಕಾಯಿದೆಯೂ ಇಂಥ ಅಗತ್ಯದಿಂದಲೇ ಹುಟ್ಟಿದವು.

ಆದರೆ ಪ್ರಜೆಯನ್ನು ಕಾಪಾಡಲು ಕೊಟ್ಟ ಬೀಗದಿಂದ ಪ್ರಜೆಯನ್ನೇ ಕೂಡಿಹಾಕಬಹುದು. ೨೦೧೧ರ ಜನವರಿಯಲ್ಲಿ ಈಜಿಪ್ಟಿನ ಜನ ಬೀದಿಗೆ ಬಂದು ಸರ್ಕಾರವನ್ನು ಪ್ರತಿಭಟಿಸಿದಾಗ, ಆ ಸರ್ಕಾರ ದೇಶದ ಅಂತರ್ಜಾಲವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಸ್ಥಗಿತಗೊಳಿಸಿತು. ಸುಮಾರು ಐದು ದಿನ ಆ ದೇಶ ಲೋಕದ ಜಾಲದಿಂದ ಮರೆಯಾಗಿತ್ತು. ಅದಕ್ಕೆ ವಿಶ್ವಸಂಸ್ಥೆಯ ಅನುಮತಿಯಾಗಲಿ ಅಮೆರಿಕದ ಅನುಮತಿಯಾಗಲಿ ಬೇಕಾಗಲಿಲ್ಲ; ದೇಶದೊಳಗಿನ ಕೆಲವು ಕಂಪನಿಗಳಿಗೆ ಒಂದು ಆಜ್ಞೆ ಸಾಕಾಯಿತು. ಪ್ರಜಾಪ್ರಭುತ್ವಗಳೂ ಈ ಪ್ರಲೋಭನೆಯಿಂದ ಮುಕ್ತವಲ್ಲ. ೨೦೧೯ರ ಆಗಸ್ಟಿನಲ್ಲಿ ಜಮ್ಮು ಮತ್ತು ಕಾಶ್ಮೀರದಲ್ಲಿ ಅಂತರ್ಜಾಲ ಸೇವೆಯನ್ನು ಭದ್ರತೆಯ ಕಾರಣದಿಂದ ನಿಲ್ಲಿಸಲಾಯಿತು. ಅತಿವೇಗದ ಮೊಬೈಲ್ ಸೇವೆ ಎಲ್ಲ ಜಿಲ್ಲೆಗಳಿಗೂ ಮರಳಿದುದು ೨೦೨೧ರ ಫೆಬ್ರವರಿಯಲ್ಲಿ. ಪತ್ರಿಕೆಯೊಂದರ ಸಂಪಾದಕಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ೨೦೨೦ರ ಜನವರಿ ೧೦ರಂದು ಹೊರಬಂದ ತೀರ್ಪಿನಲ್ಲಿ ನ್ಯಾಯಾಲಯವು, ಅಂತರ್ಜಾಲದ ಮೂಲಕ ಅಭಿಪ್ರಾಯವನ್ನು ವ್ಯಕ್ತಪಡಿಸುವುದಕ್ಕೂ ವೃತ್ತಿಯನ್ನು ನಡೆಸುವುದಕ್ಕೂ ಸಂವಿಧಾನದ ೧೯ನೆಯ ಅನುಚ್ಛೇದದ ರಕ್ಷಣೆಯಿದೆ ಎಂದಿತು. ಗೊತ್ತುಗುರಿಯಿಲ್ಲದಷ್ಟು ಕಾಲ ಸೇವೆಯನ್ನು ನಿಲ್ಲಿಸುವುದು ಸಲ್ಲದು, ನಿಲ್ಲಿಸುವ ಆಜ್ಞೆಯನ್ನು ಪ್ರಕಟಿಸಬೇಕು ಎಂದೂ ಹೇಳಿತು. ಈ ತೀರ್ಪಿನಿಂದ ಕಲಿಯಬೇಕಾದುದೊಂದಿದೆ. ರಾಷ್ಟ್ರದ ಅಧಿಕಾರವು ಒಪ್ಪತಕ್ಕದ್ದಾಗುವುದು, ಆ ಅಧಿಕಾರವನ್ನು ಪ್ರಶ್ನಿಸಲು ಪ್ರಜೆಗೆ ಒಂದು ನ್ಯಾಯಾಲಯ ಇದ್ದಾಗ ಮಾತ್ರ. ಇನ್ನೂ ಒಂದು ಮಾತು: ತೀರ್ಪು ಬಂದ ಮೇಲೂ ಪೂರ್ಣ ಸೇವೆ ಮರಳಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಹಕ್ಕು ಕಾಗದದ ಮೇಲೆ ಇದ್ದರೆ ಸಾಲದು.

ಇದಲ್ಲದೆ, ಯಾವ ದೇಶವೂ ತನ್ನಷ್ಟಕ್ಕೆ ತಾನೇ ಪೂರ್ಣವಾದ ಅಂತರ್ಜಾಲವನ್ನು ಹೊಂದಲಾರದು. ಖಂಡದಿಂದ ಖಂಡಕ್ಕೆ ಸಾಗುವ ಮಾಹಿತಿಯ ಬಹುಪಾಲು ಹೋಗುವುದು ಆಕಾಶದ ಉಪಗ್ರಹಗಳ ಮೂಲಕವಲ್ಲ, ಸಮುದ್ರದ ತಳದಲ್ಲಿ ಮಲಗಿರುವ ಕೇಬಲ್ಲುಗಳ ಮೂಲಕ. ೨೦೦೮ರ ಜನವರಿ ೩೦ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯದ ಸಮೀಪದಲ್ಲಿ ಎರಡು ಕೇಬಲ್ಲುಗಳು ತುಂಡಾದಾಗ, ಸಾವಿರಾರು ಮೈಲಿ ದೂರದ ಭಾರತದ ಸಂಪರ್ಕ ಬಹುವಾಗಿ ಕುಗ್ಗಿ, ಪರದೇಶಗಳ ಕೆಲಸವನ್ನು ನಂಬಿಕೊಂಡಿದ್ದ ಇಲ್ಲಿನ ಕಚೇರಿಗಳು ತೊಂದರೆಗೊಳಗಾದವು. ಸಮುದ್ರದ ತಂತಿಗಳ ರಕ್ಷಣೆಗಾಗಿ ರಾಷ್ಟ್ರಗಳು ೧೮೮೪ರಷ್ಟು ಹಿಂದೆಯೇ ಪ್ಯಾರಿಸ್ಸಿನಲ್ಲಿ ಒಪ್ಪಂದ ಮಾಡಿಕೊಂಡಿದ್ದವು. ಗೋಡೆ ಎಷ್ಟೇ ಎತ್ತರವಾದರೂ ತಂತಿ ಎಲ್ಲಿಂದಲೋ ಬರಲೇಬೇಕು.

ಎರಡನೆಯ ಮಾರ್ಗ, ಅಂತರ್ಜಾಲವನ್ನು ರಾಷ್ಟ್ರಗಳ ಒಕ್ಕೂಟದ ಕೈಗೆ ಒಪ್ಪಿಸಬೇಕೆಂಬುದು. ಅಂಚೆಗೆ ಒಗ್ಗಿದ ಏರ್ಪಾಡು ಅಂತರ್ಜಾಲಕ್ಕೆ ಏಕೆ ಒಗ್ಗದು ಎಂದು ಇದರ ಪ್ರತಿಪಾದಕರು ಕೇಳುತ್ತಾರೆ. ಭಾರತವು ೨೦೧೧ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ಮುಂದೆ ಇಂಥ ಸೂಚನೆಯೊಂದನ್ನು ಇಟ್ಟಿತ್ತು. ೫೦ ಸದಸ್ಯ ರಾಷ್ಟ್ರಗಳ ಸಮಿತಿಯೊಂದು ಅಂತರ್ಜಾಲದ ಧೋರಣೆಗಳನ್ನು ರೂಪಿಸಬೇಕು, ತಜ್ಞರಿಗೂ ಉದ್ಯಮಿಗಳಿಗೂ ನಾಗರಿಕರಿಗೂ ಸಲಹೆಗಾರರ ಸ್ಥಾನವಿರಬೇಕು ಎಂಬುದು ಅದರ ಸ್ವರೂಪ. ಮರುವರ್ಷ ಡಿಸೆಂಬರಿನಲ್ಲಿ ದುಬೈ ನಗರದಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಮ್ಮೇಳನ ನಡೆಯಿತು. ಹಿಂದಿನ ತಂತಿ ಒಕ್ಕೂಟವೇ ಇಂದು ಈ ಹೆಸರಿನಿಂದ ವಿಶ್ವಸಂಸ್ಥೆಯ ಅಂಗವಾಗಿದೆ. ಅಲ್ಲಿ ಸಿದ್ಧವಾದ ಹೊಸ ನಿಯಮಗಳಿಗೆ ೮೯ ರಾಷ್ಟ್ರಗಳು ಸಹಿ ಹಾಕಿದವು. ಅಂತರ್ಜಾಲವು ಸರ್ಕಾರಗಳ ಕೈಸೇರುವುದೆಂಬ ಶಂಕೆಯಿಂದ ಅಮೆರಿಕ, ಬ್ರಿಟನ್ ಮೊದಲಾದ ರಾಷ್ಟ್ರಗಳು ಹಾಕಲಿಲ್ಲ. ಭಾರತವೂ ಅಲ್ಲಿ ಸಹಿ ಮಾಡದೆ ಹಿಂದಿರುಗಿತು. ೨೦೧೫ರ ಹೊತ್ತಿಗೆ, ಎಲ್ಲ ಪಕ್ಷಗಳೂ ಸೇರಿದ ಆಡಳಿತ ವ್ಯವಸ್ಥೆಗೆ ತನ್ನ ಬೆಂಬಲವನ್ನು ಭಾರತ ಸರ್ಕಾರ ಪ್ರಕಟಿಸಿತು.

ರಾಷ್ಟ್ರಗಳ ಒಕ್ಕೂಟವೆಂಬ ಕಲ್ಪನೆ ಮೇಲ್ನೋಟಕ್ಕೆ ನ್ಯಾಯವಾಗಿಯೇ ತೋರುತ್ತದೆ. ಅಲ್ಲಿ ದೊಡ್ಡ ದೇಶಕ್ಕೂ ಸಣ್ಣ ದೇಶಕ್ಕೂ ಒಂದೊಂದೇ ಮತ. ಆದರೆ ಆ ಮೇಜಿನ ಸುತ್ತ ಕುಳಿತುಕೊಳ್ಳುವವರು ಸರ್ಕಾರಗಳ ಪ್ರತಿನಿಧಿಗಳು. ಬಾಯಿ ಕಟ್ಟಿಸಿಕೊಂಡ ಪ್ರಜೆಗೆ ಅಲ್ಲಿ ಕುರ್ಚಿಯಿಲ್ಲ. ಬಾಯಿ ಕಟ್ಟಿದ ಸರ್ಕಾರಕ್ಕೆ ಇದೆ. ಅಂಚೆಗೂ ಅಂತರ್ಜಾಲಕ್ಕೂ ಇರುವ ವ್ಯತ್ಯಾಸವನ್ನೂ ಇಲ್ಲಿ ಗಮನಿಸಬೇಕು. ಅಂಚೆಯನ್ನು ಬಹುತೇಕ ಸರ್ಕಾರಗಳೇ ನಡೆಸುತ್ತಿದ್ದವು. ಆದುದರಿಂದ ಸರ್ಕಾರಗಳ ಒಪ್ಪಂದವೇ ಸಾಕಾಗಿತ್ತು. ಅಂತರ್ಜಾಲವನ್ನು ಕಟ್ಟಿದವರು ವಿಶ್ವವಿದ್ಯಾಲಯಗಳ ವಿದ್ವಾಂಸರು, ಖಾಸಗಿ ಕಂಪನಿಗಳು ಮತ್ತು ಎಣಿಕೆಗೆ ಸಿಗದಷ್ಟು ಮಂದಿ ಸ್ವಯಂಸೇವಕರು. ಕಟ್ಟಿದವರನ್ನೂ ಬಳಸುವವರನ್ನೂ ಹೊರಗಿಟ್ಟು ಮಾಡಿದ ಆಡಳಿತ ಬಾಳಲಾರದು.

ಈ ಎರಡು ಮಾರ್ಗಗಳ ನಡುವೆ ಮೂರನೆಯದೊಂದು ಕ್ರಮೇಣ ರೂಪುಗೊಂಡಿತು. ಅಮೆರಿಕ ಸರ್ಕಾರವು ೨೦೧೪ರ ಮಾರ್ಚ್ ತಿಂಗಳಲ್ಲಿ ತನ್ನ ಮೇಲ್ವಿಚಾರಣೆಯನ್ನು ಬಿಟ್ಟುಕೊಡಲು ಸಿದ್ಧವೆಂದು ಸಾರಿತು. ಆದರೆ ಅದನ್ನು ಬೇರೊಂದು ಸರ್ಕಾರಕ್ಕಾಗಲಿ ಸರ್ಕಾರಗಳ ಒಕ್ಕೂಟಕ್ಕಾಗಲಿ ಕೊಡುವುದಿಲ್ಲವೆಂಬ ನಿಬಂಧನೆಯನ್ನು ಹಾಕಿತು. ಎರಡು ವರ್ಷಗಳ ಚರ್ಚೆಯ ನಂತರ ೨೦೧೬ರ ಅಕ್ಟೋಬರ್ ೧ರಂದು ಹಳೆಯ ಕರಾರು ಕೊನೆಗೊಂಡು, ಐಕ್ಯಾನ್ ಸಂಸ್ಥೆಯು ಸರ್ಕಾರಗಳು, ತಂತ್ರಜ್ಞರು, ಉದ್ಯಮಿಗಳು, ಬಳಕೆದಾರರು ಇವರೆಲ್ಲ ಸೇರಿದ ಸಮುದಾಯಕ್ಕೆ ಉತ್ತರ ಹೇಳುವ ವ್ಯವಸ್ಥೆ ಜಾರಿಗೆ ಬಂದಿತು. ಮೂಲಪಟ್ಟಿಯನ್ನು ಯಾರೂ ತಿದ್ದಿಲ್ಲವೆಂದು ದೃಢಪಡಿಸುವ ರಹಸ್ಯ ಸಂಕೇತವೊಂದು ೨೦೧೦ರಿಂದ ಬಳಕೆಯಲ್ಲಿದೆ. ಅದನ್ನು ಹೊರತೆಗೆಯಲು ವರ್ಷಕ್ಕೆ ನಾಲ್ಕು ಬಾರಿ ಒಂದು ಸಭೆ ನಡೆಯುತ್ತದೆ. ಅದಕ್ಕೆ ಬೇಕಾದ ಕೀಲಿಗಳು ಸಂಸ್ಥೆಯ ನೌಕರರ ಬಳಿ ಇರುವುದಿಲ್ಲ. ಬೇರೆ ಬೇರೆ ದೇಶಗಳಿಂದ ಆರಿಸಿದ ವಿಶ್ವಾಸಾರ್ಹ ವ್ಯಕ್ತಿಗಳ ಬಳಿ ಇರುತ್ತವೆ. ಏಳು ಮಂದಿಯಲ್ಲಿ ಕನಿಷ್ಠ ಮೂವರು ಬಂದರೆ ಮಾತ್ರ ಕೆಲಸ ಮುಂದುವರಿಯುತ್ತದೆ. ನಡೆಯುವುದೆಲ್ಲವನ್ನೂ ಲೋಕದ ಯಾರು ಬೇಕಾದರೂ ನೋಡಬಹುದು. ಮೂಲಪಟ್ಟಿಯನ್ನು ಒದಗಿಸುವ ಯಂತ್ರಗಳೂ ಈಗ ಸಾವಿರಕ್ಕೆ ಮೀರಿ ಭೂಮಂಡಲದ ತುಂಬ ಹರಡಿವೆ. ಭಾರತದ ನಗರಗಳಲ್ಲಿಯೂ ಇವೆ.

ಈ ವ್ಯವಸ್ಥೆಗೆ ಒಂದು ಕಠಿಣ ಪರೀಕ್ಷೆ ೨೦೨೨ರಲ್ಲಿ ಎದುರಾಯಿತು. ಆ ವರ್ಷದ ಫೆಬ್ರವರಿಯಲ್ಲಿ ರಷ್ಯಾ ಯುಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಕೆಲವೇ ದಿನಗಳಲ್ಲಿ ಯುಕ್ರೇನ್ ಸರ್ಕಾರವು, ರಷ್ಯಾದ ಹೆಸರನ್ನು ಮೂಲಪಟ್ಟಿಯಿಂದ ತೆಗೆದುಹಾಕಬೇಕೆಂದು ಐಕ್ಯಾನ್ ಸಂಸ್ಥೆಯನ್ನು ಕೇಳಿತು. ಆಕ್ರಮಣಕ್ಕೆ ಒಳಗಾದ ದೇಶದ ನೋವು ನ್ಯಾಯವಾದುದು. ಲೋಕದ ಸಹಾನುಭೂತಿಯೂ ಬಹುಮಟ್ಟಿಗೆ ಅದರ ಕಡೆಗಿತ್ತು. ಆದರೂ ಮಾರ್ಚ್ ೨ರಂದು ಸಂಸ್ಥೆ ಆ ಕೋರಿಕೆಯನ್ನು ನಿರಾಕರಿಸಿತು. ತನ್ನ ಕೆಲಸ ಅಂತರ್ಜಾಲವನ್ನು ನಡೆಸುವುದೇ ಹೊರತು ಅದನ್ನು ನಿಲ್ಲಿಸಿ ದಂಡಿಸುವುದಲ್ಲ ಎಂಬುದು ಅದರ ಉತ್ತರದ ತಾತ್ಪರ್ಯ. ಕಠೋರವೆಂದು ತೋರಿದರೂ ಆ ನಿರ್ಧಾರ ಸರಿಯಾದುದೇ. ದೇಶದ ಹೆಸರನ್ನು ಅಳಿಸಿದ್ದರೆ ಯುದ್ಧ ನಿಲ್ಲುತ್ತಿರಲಿಲ್ಲ. ಯುದ್ಧದ ಸತ್ಯವನ್ನು ತಿಳಿಯಬಯಸಿದ ರಷ್ಯಾದ ಸಾಮಾನ್ಯ ಜನರ ಕಿಟಕಿಯೊಂದು ಮುಚ್ಚಿಹೋಗುತ್ತಿತ್ತು. ಒಮ್ಮೆ ಒಂದು ದೇಶದ ಹೆಸರನ್ನು ಅಳಿಸಿದ ಕೈ ನಾಳೆ ಇನ್ನೊಂದರ ಹೆಸರನ್ನು ಅಳಿಸಲು ಹಿಂಜರಿಯುವುದಿಲ್ಲ. ಜಗಳವಾಡಿದವನ ಗದ್ದೆಗೆ ನೀರು ನಿಲ್ಲಿಸು ಎಂದು ಊರಿನವರು ಹೇಳಿದರೂ ನೀರುಗಂಟಿ ಒಪ್ಪಬಾರದು. ಜಗಳದ ತೀರ್ಮಾನಕ್ಕೆ ಪಂಚಾಯಿತಿಯ ಕಟ್ಟೆಯಿದೆ, ತೂಬಿರುವುದು ಪೈರಿಗಾಗಿ.

ಹಾಗೆಂದು ಇಂದಿನ ವ್ಯವಸ್ಥೆ ಕುಂದಿಲ್ಲದುದೇನೂ ಅಲ್ಲ. ಐಕ್ಯಾನ್ ಇಂದಿಗೂ ಕ್ಯಾಲಿಫೋರ್ನಿಯದ ಕಾನೂನಿಗೆ ಒಳಪಟ್ಟ ಸಂಸ್ಥೆ. ಇರಾನ್ ಸರ್ಕಾರದಿಂದ ನಷ್ಟಪರಿಹಾರ ಪಡೆಯಲು ಅಮೆರಿಕದ ನ್ಯಾಯಾಲಯಗಳಲ್ಲಿ ಗೆದ್ದವರು, ಇರಾನಿನ ಅಂತರ್ಜಾಲ ಹೆಸರನ್ನೇ ಜಪ್ತಿ ಮಾಡಿಕೊಡಬೇಕೆಂದು ಕೇಳಿದ್ದುಂಟು. ೨೦೧೪ರಲ್ಲಿ ಕೆಳಗಿನ ನ್ಯಾಯಾಲಯವೂ ೨೦೧೬ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಒಪ್ಪಲಿಲ್ಲ. ಆದರೆ ಒಂದು ದೇಶದ ಹೆಸರಿನ ಭವಿಷ್ಯ ಇನ್ನೊಂದು ದೇಶದ ನ್ಯಾಯಾಲಯದಲ್ಲಿ ತೂಗಾಡಿತೆಂಬುದು ಯೋಚಿಸಬೇಕಾದ ವಿಷಯ. ಎಲ್ಲರಿಗೂ ಬಾಗಿಲು ತೆರೆದಿದೆಯೆಂದು ಹೇ��ುವ ಸಭೆಗಳಿಗೆ ವಿಮಾನದ ವೆಚ್ಚವನ್ನು ಭರಿಸಿ ಹೋಗಬಲ್ಲವರು ದೊಡ್ಡ ಕಂಪನಿಗಳವರೇ ಹೊರತು ಬಡದೇಶಗಳ ಬಳಕೆದಾರರಲ್ಲ. ಚರ್ಚೆಯ ಭಾಷೆಯೂ ಮುಖ್ಯವಾಗಿ ಇಂಗ್ಲಿಷ್. ಸರ್ಕಾರದ ಮುಷ್ಟಿಯಿಂದ ಬಿಡಿಸಿಕೊಂಡುದು ವರ್ತಕರ ಮುಷ್ಟಿಗೆ ಬಿದ್ದರೆ ಪ್ರಜೆಗೆ ಲಾಭವಿಲ್ಲ.

ಭಾಷೆಯ ಮಾತು ಕನ್ನಡಿಗರಿಗೂ ಸಂಬಂಧಿಸಿದುದು. ಬಹುಕಾಲ ಅಂತರ್ಜಾಲದ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಮಾತ್ರ ಬರೆಯಬಹುದಾಗಿತ್ತು. ಇಂದು ‘ಭಾರತ’ ಎಂಬ ದೇಶದ ಹೆಸರು ಕನ್ನಡ ಲಿಪಿಯಲ್ಲಿಯೇ ಮೂಲಪಟ್ಟಿಯನ್ನು ಸೇರಿದೆ. ಆದರೆ ಇದನ್ನು ಸಾಧಿಸುವಲ್ಲಿ ಒಂದು ತೊಡಕಿತ್ತು. ಕನ್ನಡ ಮತ್ತು ತೆಲುಗು ಲಿಪಿಗಳು ಅಕ್ಕತಂಗಿಯರು. ಎರಡರಲ್ಲಿಯೂ ‘ರ’ಕಾರ, ‘ಜ’ಕಾರ ಮೊದಲಾದ ಅಕ್ಷರಗಳು ಕಣ್ಣಿಗೆ ಒಂದೇ ಬಗೆಯಾಗಿ ಕಾಣುತ್ತವೆ. ಯಂತ್ರಕ್ಕೆ ಮಾತ್ರ ಅವು ಬೇರೆ ಬೇರೆ. ಬ್ಯಾಂಕಿನ ಕನ್ನಡ ಹೆಸರಿನಂತೆಯೇ ಕಾಣುವ ತೆಲುಗು ಅಕ್ಷರಗಳ ಹೆಸರೊಂದನ್ನು ವಂಚಕನು ಪಡೆದುಕೊಂಡರೆ ಓದುವವರು ಮೋಸಹೋಗುವುದು ಖಂಡಿತ. ಆದುದರಿಂದ ಭಾರತದ ಅನೇಕ ಲಿಪಿಗಳನ್ನು ಬಲ್ಲ ವಿದ್ವಾಂಸರೂ ತಂತ್ರಜ್ಞರೂ ಒಟ್ಟಿಗೆ ಕುಳಿತು, ಇಂಥ ಅಕ್ಷರಗಳನ್ನು ಗುರುತಿಸಿ ನಿಯಮಗಳನ್ನು ರಚಿಸಬೇಕಾಯಿತು. ಇದನ್ನು ದೂರದ ಅಮೆರಿಕದ ಅಧಿಕಾರಿ ಮಾಡಲಾರನು. ವಿಶ್ವಸಂಸ್ಥೆಯ ಮತದಾನವೂ ಮಾಡಲಾರದು. ಕನ್ನಡಿಗರು ತಾವೇ ಪ್ರತ್ಯೇಕವಾಗಿ ಮಾಡಿಕೊಂಡರೂ ಸಾಲದು. ಬಲ್ಲವರು ನೆರೆಯವರೊಡನೆ ಕೂಡಿ ಮಾಡಿದ ನಿಯಮವನ್ನು ಲೋಕವೆಲ್ಲ ಒಪ್ಪಿ ನಡೆಸಬೇಕು. ಅಂತರ್ಜಾಲದ ಆಡಳಿತ ಹೇಗಿರಬೇಕೆಂಬುದಕ್ಕೆ ಇದೇ ಒಳ್ಳೆಯ ನಿದರ್ಶನ.

ಈ ಎಲ್ಲ ಸಂಗತಿಗಳನ್ನು ತೂಗಿ ನೋಡಿದರೆ, ‘ರಾಷ್ಟ್ರದ ಹತೋಟಿಯೋ, ಲೋಕದ ಹತೋಟಿಯೋ’ ಎಂಬ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ವಿಷಯಗಳು ಬೆರೆತಿರುವುದು ತಿಳಿಯುತ್ತದೆ. ದಾರಿ ಒಂದು, ದಾರಿಯ ಮೇಲೆ ನಡೆಯುವ ಕೃತ್ಯ ಮತ್ತೊಂದು. ಕೃತ್ಯಗಳ ಮೇಲೆ, ಎಂದರೆ ವಂಚನೆ, ನಿಂದೆ, ಕಳವು, ಹಿಂಸೆಗೆ ಪ್ರಚೋದನೆ ಇವುಗಳ ಮೇಲೆ, ಆಯಾ ದೇಶದ ಕಾನೂನಿಗೆ ಅಧಿಕಾರವಿರಬೇಕು. ಆ ಕಾನೂನು ಸಂವಿಧಾನಕ್ಕೂ ನ್ಯಾಯಾಲಯಕ್ಕೂ ಅಧೀನವಾಗಿರಬೇಕು. ದಾರಿಯ ಮೇಲೆ, ಎಂದರೆ ಹೆಸರು, ಸಂಖ್ಯೆ ಮತ್ತು ಯಂತ್ರಗಳ ಪರಸ್ಪರ ಸಂಭಾಷಣೆಯ ನಿಯಮಗಳ ಮೇಲೆ, ಯಾವ ಒಂದು ದೇಶಕ್ಕೂ ಒಡೆತನವಿರಕೂಡದು. ದೇಶಗಳ ಕೂಟಕ್ಕೂ ಇರಕೂಡದು. ಅದು ಲೋಕದ ಜನರೆಲ್ಲರ ಪರವಾಗಿ, ಬಯಲಿನಲ್ಲಿ, ಲೆಕ್ಕ ಒಪ್ಪಿಸುತ್ತ ಕಾಪಾಡಬೇಕಾದ ನ್ಯಾಸ. ಒಂದೇ ಸರ್ಕಾರದ ನ್ಯಾಯಾಲಯಕ್ಕೆ ಅದು ಕಟ್ಟುಬಿದ್ದಿರುವ ಇಂದಿನ ಸ್ಥಿತಿಯನ್ನು ಒಪ್ಪಂದದ ಮೂಲಕ ಸರಿಪಡಿಸುವುದು ಉಳಿದಿರುವ ಕೆಲಸ.

ಕೆರೆಯನ್ನು ಕಟ್ಟಿದವರು ಯಾರೋ, ನೀರು ಕುಡಿಯುವವರು ಯಾರೋ. ತೂಬಿನ ಬಳಿ ನಿಂತವನು ಯಾರೆಂಬುದು ಮುಖ್ಯವೇ. ಆದರೆ ಅವನು ಯಾರಿಗೆ ಉತ್ತರ ಹೇಳಬೇಕೆಂಬುದು ಅದಕ್ಕಿಂತ ಮುಖ್ಯ. ಅರಸನಿಗೆ ಮಾತ್ರ ಉತ್ತರ ಹೇಳುವ ನೀರುಗಂಟಿ ಅರಸನ ಗದ್ದೆಯನ್ನು ತುಂಬಿಸುತ್ತಾನೆ. ಸಾಹುಕಾರನಿಗೆ ಮಾತ್ರ ಉತ್ತರ ಹೇಳುವವನು ಸಾಹುಕಾರನದನ್ನು ತುಂಬಿಸುತ್ತಾನೆ. ಅಚ್ಚುಕಟ್ಟಿನ ಕೊನೆಯ ಗದ್ದೆಯ ರೈತನಿಗೂ ಉತ್ತರ ಹೇಳಬೇಕಾದವನು ಮಾತ್ರ ಎಲ್ಲರಿಗೂ ನೀರು ಹರಿಸುತ್ತಾನೆ. ನೂರೈವತ್ತು ವರ್ಷಗಳಿಗೂ ಹಿಂದೆ ದೇಶದ ಗಡಿಯಲ್ಲಿ ನಿಂತುಹೋಗುತ್ತಿದ್ದ ಸುದ್ದಿಯನ್ನು ಮನುಷ್ಯರು ಪರಸ್ಪರ ನಂಬಿಕೆಯಿಂದ ಗಡಿ ದಾಟಿಸಿದರು. ಅದು ಮತ್ತೆ ಗಡಿಯಲ್ಲಿ ನಿಲ್ಲದಂತೆ ನೋಡಿಕೊಳ್ಳುವ ಹೊಣೆ, ಇಂದು ಅಂತರ್ಜಾಲವನ್ನು ಬಳಸುತ್ತಿರುವ ಮತ್ತು ನಾಳೆ ಅದರ ನಿಯಮಗಳನ್ನು ರೂಪಿಸಲಿರುವ ತರುಣ ಪೀಳಿಗೆಯ ಮೇಲಿದೆ.